ಹರಾಜಿನ ಹೊತ್ತಿಗೆ ಬಿಲ್ ಸೇವ್ ಆಗಲ್ಲ: ಪೋಸ್ಟ್‌ಗ್ರೆಸ್ ಪ್ರೈಮರಿ + ರೆಪ್ಲಿಕಾ

ಕೋಲಾರದಿಂದ:
ಟೊಮೆಟೊ ಮಂಡಿಗಳ ಬಿಲ್ಲಿಂಗ್ ಮತ್ತು 15 ಕೆಜಿ ಬಾಕ್ಸಿನ ದರ ತೋರಿಸುವ ಆ್ಯಪ್. ಡೇಟಾಬೇಸ್ ಪೋಸ್ಟ್‌ಗ್ರೆಸ್ 15. ಬರೆಯೋದೆಲ್ಲ ಪ್ರೈಮರಿಗೆ (ಮುಖ್ಯ ಸರ್ವರ್); ದರ ನೋಡೋದು, ಖಾತೆ ರಿಪೋರ್ಟು ರೆಪ್ಲಿಕಾಗೆ (ಅದರ ನಕಲು ಸರ್ವರ್). ಹರಾಜು ಜೋರಾದಾಗ ಪ್ರೈಮರಿಯಲ್ಲಿ ಕಮಿಟ್ (ಬಿಲ್ ಖಾಯಂ ಸೇವ್ ಆಗೋ ಹಂತ) ನಿಂತುಬಿಡುತ್ತೆ. ಸಿಪಿಯು 15% ದಾಟಿಲ್ಲ, ಡಿಸ್ಕೂ ಸುಮ್ಮನಿದೆ. ಸ್ವಲ್ಪ ಹೊತ್ತಿಗೆ 100 ಕನೆಕ್ಷನ್ನೂ ಭರ್ತಿ. ರೆಪ್ಲಿಕಾ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತೆ. ರ್‍ಯಾಮ್ ಹೆಚ್ಚಿಸಲಾ?

ತುಮಕೂರಿನಿಂದ:
ರ್‍ಯಾಮ್‌ಗೆ ದುಡ್ಡು ಹಾಕಬೇಡಿ ಸರ್. ನಿಂತಾಗಲೇ ಪ್ರೈಮರಿಯ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿಯಲ್ಲಿ ವೇಟ್_ಇವೆಂಟ್ ಕಾಲಂ ನೋಡಿ, ಸೆಷನ್ ಯಾವುದಕ್ಕೆ ಕಾಯ್ತಿದೆ ಅಂತ ಗೊತ್ತಾಗುತ್ತೆ. ಪಿಜಿ_ಸ್ಟ್ಯಾಟ್_ರೆಪ್ಲಿಕೇಶನ್‌ನಲ್ಲಿ ಫ್ಲಶ್_ಲ್ಯಾಗ್ (ಬದಲಾವಣೆ ರೆಪ್ಲಿಕಾದ ಡಿಸ್ಕಿಗೆ ಬೀಳೋ ತಡ), ರಿಪ್ಲೇ_ಲ್ಯಾಗ್ (ಅದು ರೆಪ್ಲಿಕಾದ ಟೇಬಲ್ಲಿಗೆ ಅನ್ವಯವಾಗೋ ತಡ) ಎರಡೂ ಬೇಕು. ಸಿಂಕ್ರೊನಸ್_ಕಮಿಟ್, ಮ್ಯಾಕ್ಸ್_ಸ್ಟ್ಯಾಂಡ್‌ಬೈ_ಸ್ಟ್ರೀಮಿಂಗ್_ಡಿಲೇ ಏನಿಟ್ಟಿದ್ದೀರಿ?

ಕೋಲಾರದಿಂದ:
ವೇಟ್_ಇವೆಂಟ್‌ನಲ್ಲಿ ಸಾಲುಸಾಲು ಸಿಂಕ್‌ರೆಪ್ (ರೆಪ್ಲಿಕಾದ ಉತ್ತರಕ್ಕೆ ಕಾಯೋದು). ಫ್ಲಶ್_ಲ್ಯಾಗ್ ಕೆಲವೇ ಮಿಲಿಸೆಕೆಂಡ್, ರಿಪ್ಲೇ_ಲ್ಯಾಗ್ ಮಾತ್ರ 4 ನಿಮಿಷ ದಾಟಿ ಏರ್ತಾನೇ ಇದೆ. ಕಮಿಟ್ ರಿಮೋಟ್_ಅಪ್ಲೈ, ಡಿಲೇ -1. ರಿಪೋರ್ಟು ಮಧ್ಯೆ ಕಟ್ ಆಗ್ತಿತ್ತು ಅಂತ ಹಾಕಿದ್ದು.

ತುಮಕೂರಿನಿಂದ:
ಅವೆರಡೂ ಜೊತೆಗಿದ್ದರೆ ಇದೇ ಗತಿ. -1 ಅಂದರೆ ರೆಪ್ಲಿಕಾದ ಕ್ವೆರಿ ಅಡ್ಡ ಬಂದರೆ ಅದು ಮುಗಿಯೋವರೆಗೂ ರಿಪ್ಲೇ ಕಾಯುತ್ತೆ. ರಿಮೋಟ್_ಅಪ್ಲೈ ಅಂದರೆ ರಿಪ್ಲೇ ಆಗೋವರೆಗೂ ಪ್ರೈಮರಿಯ ಕಮಿಟ್ ಕಾಯುತ್ತೆ. ಅಲ್ಲಿಗೆ ರೆಪ್ಲಿಕಾದಲ್ಲಿ ಯಾರೋ ತೆಗೆದ ವರ್ಷದ ಖಾತೆ ರಿಪೋರ್ಟು ನಿಮ್ಮ ಬಿಲ್ಲನ್ನು ಹಿಡಿದು ನಿಲ್ಲಿಸುತ್ತೆ.

ಸದ್ಯಕ್ಕೆ, ಮತ್ತೆ ನಿಂತರೆ ರೀಸ್ಟಾರ್ಟ್ ಬೇಡ. ರೆಪ್ಲಿಕಾದಲ್ಲಿ ಎಕ್ಸಾಕ್ಟ್_ಸ್ಟಾರ್ಟ್ (ಟ್ರಾನ್ಸಾಕ್ಷನ್ ಶುರುವಾದ ಹೊತ್ತು) ಎಲ್ಲಕ್ಕಿಂತ ಹಳೆಯದಿರುವ ಸೆಷನ್ ಹುಡುಕಿ ಪಿಜಿ_ಟರ್ಮಿನೇಟ್_ಬ್ಯಾಕೆಂಡ್ ಕೊಡಿ. ಆಮೇಲೆ ಪ್ರೈಮರಿಯಲ್ಲಿ ಸಿಂಕ್ರೊನಸ್_ಕಮಿಟ್ ಆನ್, ರೆಪ್ಲಿಕಾದಲ್ಲಿ ಡಿಲೇ 30 ಸೆಕೆಂಡ್ (ಡಿಫಾಲ್ಟೂ ಅದೇ). ಎರಡಕ್ಕೂ ರೀಲೋಡ್ ಸಾಕು. ಆನ್ ಇದ್ದರೂ ವಾಲ್ (ಬದಲಾವಣೆಗಳ ಲಾಗ್) ರೆಪ್ಲಿಕಾದ ಡಿಸ್ಕಿಗೆ ಬಿದ್ದ ಮೇಲೇ ಕಮಿಟ್ ಆಗೋದು, ಡೇಟಾ ಭಯ ಬೇಡ. ಆದರೆ ಈಗಷ್ಟೇ ಹಾಕಿದ ಬಿಲ್ ರೆಪ್ಲಿಕಾದಲ್ಲಿ ಒಂದು ಕ್ಷಣ ಕಾಣದೇ ಇರಬಹುದು, ಆ ಸ್ಕ್ರೀನ್ ಮಾತ್ರ ಪ್ರೈಮರಿಯಿಂದ ಓದಿಸಿ.

ಚಿಂತಾಮಣಿಯಿಂದ:
ಅಷ್ಟಕ್ಕೇ ಬಿಟ್ಟರೆ ರಿಪೋರ್ಟು ಮತ್ತೆ ಕಟ್ ಆಗುತ್ತೆ. ಅಡ್ಡ ಬರ್ತಿರೋದು ಏನು ಅಂತ ಮೊದಲು ತಿಳಿಯಬೇಕು. ರೆಪ್ಲಿಕಾದ ಪಿಜಿ_ಸ್ಟ್ಯಾಟ್_ಡೇಟಾಬೇಸ್_ಕಾನ್‌ಫ್ಲಿಕ್ಟ್ಸ್ ನೋಡಿ. ಕ್ಯಾನ್ಸಲ್ ಆದ ಕ್ವೆರಿ ಮಾತ್ರ ಅಲ್ಲಿ ಎಣಿಕೆಗೆ ಬರೋದು, -1 ಇದ್ದಷ್ಟು ದಿನ ಅದು ಸಾಮಾನ್ಯವಾಗಿ ಏರಲ್ಲ. 30ಕ್ಕೆ ಇಳಿಸಿದ ಮೇಲೆ ಕಾನ್‌ಫ್ಲ್_ಸ್ನ್ಯಾಪ್‌ಶಾಟ್ ಏರಿದರೆ ವ್ಯಾಕ್ಯೂಮ್ (ಹಳೆಯ ಸತ್ತ ಸಾಲು ಗುಡಿಸೋ ಕೆಲಸ) ಕಾಟ, ಅದಕ್ಕೆ ಹಾಟ್_ಸ್ಟ್ಯಾಂಡ್‌ಬೈ_ಫೀಡ್‌ಬ್ಯಾಕ್ ಮದ್ದು: ರೆಪ್ಲಿಕಾಗೆ ಇನ್ನೂ ಬೇಕಿರೋ ಸಾಲನ್ನು ಪ್ರೈಮರಿ ಗುಡಿಸಲ್ಲ. ಕಾನ್‌ಫ್ಲ್_ಲಾಕ್ ಏರಿದರೆ ಫೀಡ್‌ಬ್ಯಾಕ್‌ನಿಂದ ಏನೂ ಆಗಲ್ಲ. ಯಾರೋ ಆಲ್ಟರ್ (ಟೇಬಲ್ ರಚನೆ ಬದಲಿಸೋದು) ಅಥವಾ ಟ್ರಂಕೇಟ್ (ಟೇಬಲ್ ಪೂರ್ತಿ ಖಾಲಿ ಮಾಡೋದು) ಮಾಡ್ತಿದ್ದಾರೆ ಅಂತಲೇ ಅನುಮಾನಿಸಿ.

ಕೋಲಾರದಿಂದ:
ಕಾನ್‌ಫ್ಲ್_ಲಾಕೇ ಏರಿದ್ದು. ದರದ ಟೇಬಲ್ಲನ್ನು ಜಾಬ್ ಒಂದು ಪ್ರತಿ ಸಲ ಟ್ರಂಕೇಟ್ ಮಾಡಿ ತುಂಬುತ್ತೆ, ರಿಪೋರ್ಟೂ ಅದೇ ಟೇಬಲ್ ಜಾಯಿನ್ ಮಾಡುತ್ತೆ. ಡಿಲೀಟ್ ಮಾಡಿದರೆ ಆಗುತ್ತಾ?

ಚಿಂತಾಮಣಿಯಿಂದ:
ಡಿಲೀಟೂ ಬೇಡ. ಮಂಡಿ, ತಳಿ, ದಿನಾಂಕ ಮೂರಕ್ಕೂ ಸೇರಿಸಿ ಯುನೀಕ್ ಇಂಡೆಕ್ಸ್ ಕೊಟ್ಟು, ಇನ್ಸರ್ಟ್ ಜೊತೆ ಆನ್ ಕಾನ್‌ಫ್ಲಿಕ್ಟ್ ಡು ಅಪ್‌ಡೇಟ್ (ಇಲ್ಲದ ಸಾಲು ಸೇರಿಸಿ, ಇರೋದನ್ನು ಬದಲಿಸೋದು) ಬಳಸಿ. ದರ ಬದಲಾಗದ ಸಾಲು ಮುಟ್ಟದ ಹಾಗೆ ವೇರ್ ಷರತ್ತು ಹಾಕಿ, ಇಲ್ಲದಿದ್ದರೆ ಸುಮ್ಮನೆ ಸತ್ತ ಸಾಲು ರಾಶಿ ಬೀಳುತ್ತೆ. ಅಪ್‌ಡೇಟ್ ಹೆಚ್ಚಾದ ಮೇಲೆ ಸ್ನ್ಯಾಪ್‌ಶಾಟ್ ಎಣಿಕೆ ಏರೋ ಸಾಧ್ಯತೆ ಇದೆ. ಏರಿದರೆ ಆಗ ಫೀಡ್‌ಬ್ಯಾಕ್ ಆನ್ ಮಾಡಿ, ಜೊತೆಗೆ ರಿಪೋರ್ಟ್ ಯೂಸರ್‌ಗೆ ಆಲ್ಟರ್ ರೋಲ್ ಮೂಲಕ ಸ್ಟೇಟ್‌ಮೆಂಟ್_ಟೈಮ್‌ಔಟ್ (ಕ್ವೆರಿ ಓಡೋ ಸಮಯದ ಮಿತಿ) ಇಡಿ. ಫೀಡ್‌ಬ್ಯಾಕ್ ಇದ್ದಾಗ ರೆಪ್ಲಿಕಾದಲ್ಲಿ ಗಂಟೆಗಟ್ಟಲೆ ಓಡುವ ಕ್ವೆರಿ ಇದ್ದರೆ ಪ್ರೈಮರಿಯ ಟೇಬಲ್ ಊದಿಕೊಳ್ಳುತ್ತೆ. ಆ ಆಲ್ಟರ್ ರೋಲ್ ಪ್ರೈಮರಿಯಲ್ಲೇ ಕೊಡಬೇಕು, ರೆಪ್ಲಿಕಾ ಒಪ್ಪಲ್ಲ.