ಮನೆಯಲ್ಲಿ ಮಾಡಿದ ಕ್ಯಾಸೆಟ್: ಆಟ ಓಡುತ್ತಿದೆ, ಆದರೆ ಅಕ್ಷರಗಳು ಒಂದೊಂದು ಮನೆ ಹಿಂದೆ ಸರಿದಿವೆ

ಪ್ರಶ್ನೆ (ಹಾಸನ)

ತೊಂಬತ್ತರ ದಶಕದಲ್ಲಿ ಕೊಂಡ, 60 ಪಿನ್ನಿನ ಕ್ಯಾಸೆಟ್ ಹಾಕುವ ಫ್ಯಾಮಿಕಾಮ್ ಮಾದರಿಯ ಟಿವಿ ಗೇಮ್ ನಮ್ಮ ಮನೆಯಲ್ಲಿ ಇನ್ನೂ ಸುಸ್ಥಿತಿಯಲ್ಲಿದೆ. ನಾನೇ ಬರೆದ ಸಣ್ಣ ಆಟವೊಂದನ್ನು ಅದರಲ್ಲಿ ಆಡಿಸಬೇಕೆಂದು 16 ಕೆಬಿ ಪ್ರೋಗ್ರಾಂ ಭಾಗವನ್ನು 27ಸಿ256 ಎಂಬ, ಬರೆದು ಅಳಿಸಬಹುದಾದ ನೆನಪಿನ ಚಿಪ್ಪಾದ ಇಪ್ರಾಮ್‌ಗೂ 8 ಕೆಬಿ ಚಿತ್ರಗಳ ಭಾಗವನ್ನು 27ಸಿ64ಕ್ಕೂ ಬರೆದೆ. ಮೊದಲು ಖಾಲಿ ಪರದೆ ಮಾತ್ರ ಕಾಣುತ್ತಿತ್ತು. ಕಡತದ ಆರಂಭದ 16 ಬೈಟ್‌ಗಳು ಹೆಡರ್ (ಕಡತದ ವಿವರ ಹೇಳುವ ತಲೆಬರಹ) ಎಂದು ಆಮೇಲೆ ತಿಳಿದು, ಅವನ್ನು ಬಿಟ್ಟು ಪ್ರೋಗ್ರಾಂ ಚಿಪ್ಪನ್ನು ಮತ್ತೆ ಬರೆದ ಮೇಲೆ ಆಟ ಶುರುವಾಯಿತು, ಸದ್ದೂ ಸರಿಯಾಗಿದೆ. ಆದರೆ ‘ಸ್ಕೋರ್’ ಎಂಬ ಇಂಗ್ಲಿಷ್ ಪದದ ಎಸ್, ಸಿ, ಓ, ಆರ್, ಇ ಇರಬೇಕಾದ ಕಡೆ ಆರ್, ಬಿ, ಎನ್, ಕ್ಯೂ, ಡಿ ಕಾಣುತ್ತಿವೆ. ಅಲ್ಲದೆ ಆಟಗಾರ ಬಲಕ್ಕೆ ನಡೆದಂತೆ, ಮುಂದೆ ಬರಬೇಕಾದ ದೃಶ್ಯದ ಬದಲು ಹಿಂದೆ ಕಂಡದ್ದೇ ಮರುಕಳಿಸುತ್ತದೆ. ಬೆಸುಗೆಗಳನ್ನೆಲ್ಲ ಮಲ್ಟಿಮೀಟರಿನಿಂದ ಪರೀಕ್ಷಿಸಿದ್ದೇನೆ. ಚಿಪ್ಪಿಗೆ ಬರೆಯುವ ಉಪಕರಣವಾದ ಪ್ರೋಗ್ರಾಮರ್‌ನಲ್ಲಿ ವೆರಿಫೈ ಕೂಡ ಸರಿ ಎಂದೇ ಬರುತ್ತಿದೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ (ಚಿಕ್ಕಮಗಳೂರು)

ನಿಮ್ಮ ಬೆಸುಗೆಯಲ್ಲಿ ದೋಷವಿಲ್ಲ. ಡೇಟಾ ತಂತಿಯೊಂದು ಕಡಿದಿದ್ದರೆ ಅಕ್ಷರಗಳೇ ಒಡೆದು ಕಾಣುತ್ತಿದ್ದವು. ನಿಮ್ಮಲ್ಲಾದರೋ ಪ್ರತಿ ಅಕ್ಷರವೂ ಪೂರ್ಣವಾಗಿದ್ದು, ಕೇವಲ ವರ್ಣಮಾಲೆಯಲ್ಲಿ ತನ್ನ ಮುಂದಿನದರ ಜಾಗದಲ್ಲಿ ಕುಳಿತಿದೆ. ಈ ಯಂತ್ರದಲ್ಲಿ 8×8 ಚುಕ್ಕೆಗಳ ಒಂದು ಚಿತ್ರಬಿಲ್ಲೆಗೆ ಬೇಕಾಗುವುದು ಸರಿಯಾಗಿ 16 ಬೈಟ್, ಹೆಡರಿನ ಅಳತೆಯೂ 16 ಬೈಟ್. ಪ್ರೋಗ್ರಾಂ ಭಾಗದಲ್ಲಿ ಹೆಡರನ್ನು ಕಳೆದ ನೀವು ಚಿತ್ರಗಳ ಭಾಗವನ್ನು ಮಾತ್ರ 16,384ನೆಯ ಸ್ಥಾನದಿಂದಲೇ ಕತ್ತರಿಸಿರಬೇಕು. ಆಗ ಪ್ರೋಗ್ರಾಮಿನ ಕೊನೆಯ 16 ಬೈಟ್ ಚಿತ್ರಗಳ ಮೊದಲಿಗೆ ಸೇರಿ, ಬಿಲ್ಲೆಗಳೆಲ್ಲ ಒಂದೊಂದು ಮನೆ ಸರಿಯುತ್ತವೆ. ಅದು 16,400ರಿಂದ ಆರಂಭವಾಗಬೇಕು, ಇಡೀ ಕಡತ 24,592 ಬೈಟ್ ಇರಬೇಕು. ವೆರಿಫೈ ಎನ್ನುವುದು ನೀವು ಕೊಟ್ಟ ಕಡತ ಚಿಪ್ಪಿಗೆ ಯಥಾವತ್ತಾಗಿ ಇಳಿಯಿತೇ ಎಂದಷ್ಟೇ ನೋಡುತ್ತದೆ; ಕಡತವೇ ತಪ್ಪಿದ್ದರೆ ಅದಕ್ಕೆ ತಿಳಿಯುವುದಿಲ್ಲ. ಹೊಸಬರನ್ನು ಬೆಸುಗೆಯ ಕಡೆಗೆ ಅಲೆಸುವುದು ಬಹಳ ಸಲ ಇದೇ.

ಎರಡನೆಯ ತೊಂದರೆಯ ಬೇರೂ ಆ ಹೆಡರಿನಲ್ಲಿಯೇ ಇದೆ. ಪರದೆಯ ನೆನಪು ಯಾವ ದಿಕ್ಕಿನಲ್ಲಿ ಮರುಕಳಿಸಬೇಕೆಂಬುದನ್ನು ಎಮ್ಯುಲೇಟರ್ (ಕಂಪ್ಯೂಟರಿನಲ್ಲಿ ಈ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಹೆಡರಿನಿಂದ ಓದಿಕೊಳ್ಳುತ್ತದೆ, ಆದರೆ ನಿಜವಾದ ಕ್ಯಾಸೆಟ್ಟಿನಲ್ಲಿ ಹೆಡರೇ ಇಲ್ಲದ್ದರಿಂದ ಆ ಕೆಲಸವನ್ನು ಬೋರ್ಡಿನ ಮೇಲಿನ ‘ಎಚ್’ ಮತ್ತು ‘ವಿ’ ಬೆಸುಗೆಚುಕ್ಕೆಗಳು ಮಾಡುತ್ತವೆ. ಅಡ್ಡಕ್ಕೆ ಸರಿಯುವ ನಿಮ್ಮ ಆಟಕ್ಕೆ ವರ್ಟಿಕಲ್ ಮಿರರಿಂಗ್ (ಮೇಲೆ-ಕೆಳಗಿನ ದಿಕ್ಕಿನ ಮರುಕಳಿಕೆ) ಬೇಕು. ಅಂದರೆ ಯಂತ್ರದೊಳಗಿನ ವಿಡಿಯೋ ರ‍್ಯಾಮಿನ ಎ10 ಎಂಬ ವಿಳಾಸದ ತಂತಿ, ಚಿತ್ರಚಿಪ್ಪಿನ ಎ10ಕ್ಕೆ ಸೇರಬೇಕು. ಈಗಿರುವ ‘ಎಚ್’ ಬೆಸುಗೆಯನ್ನು ತಾಮ್ರದ ಹೆಣಿಗೆಯಿಂದ ಪೂರ್ತಿ ಹೀರಿಸಿ ತೆಗೆದ ಮೇಲೆಯೇ ‘ವಿ’ಯನ್ನು ಕೂಡಿಸಿ, ಏಕೆಂದರೆ ಎರಡೂ ಕೂಡಿದರೆ ಎ10 ಮತ್ತು ಎ11 ಒಂದಕ್ಕೊಂದು ಶಾರ್ಟ್ ಆಗುತ್ತವೆ.

ಇನ್ನೊಂದು ವಿಷಯ: 16 ಕೆಬಿ ಪ್ರೋಗ್ರಾಮನ್ನು 27ಸಿ256ರಲ್ಲಿ ಎರಡು ಸಲ, ಒಂದರ ಬೆನ್ನಿಗೆ ಇನ್ನೊಂದನ್ನು ಬರೆದಿದ್ದೀರಷ್ಟೇ? ಪ್ರೊಸೆಸರ್ ತನ್ನ ಆರಂಭದ ವಿಳಾಸವನ್ನು ಚಿಪ್ಪಿನ ತುದಿಯಲ್ಲಿ ಹುಡುಕುತ್ತದೆ.

27ಸಿ64ನ್ನು ಅಳಿಸಲು ನೇರಳಾತೀತ ದೀಪದ ಕೆಳಗೆ ಸುಮಾರು 20 ನಿಮಿಷ ಇಟ್ಟರೆ ಸಾಕು, ಆದರೆ ಆ ಬೆಳಕನ್ನು ಬರಿಗಣ್ಣಿನಿಂದ ನೋಡಬೇಡಿ. ನೇರ ಬಿಸಿಲಿನಲ್ಲಿ ಒಂದು ವಾರ ಬೇಕಾಗುತ್ತದೆ, ನಮ್ಮ ಮಲೆನಾಡಿನ ಜುಲೈ ತಿಂಗಳಿನಲ್ಲಿ ಅದನ್ನು ನೆಚ್ಚುವಂತಿಲ್ಲ.

ಪ್ರಶ್ನೆ ಕೇಳಿದವರಿಂದ

ಸರ್, ತಾವು ಹೇಳಿದಂತೆಯೇ ಆಗಿತ್ತು. ಪ್ರೋಗ್ರಾಮನ್ನು ಎರಡು ಸಲ ಬರೆದಿದ್ದೆ, ಆದರೆ ಚಿತ್ರಗಳನ್ನು 16,384ರಿಂದಲೇ ಕತ್ತರಿಸಿದ್ದೆ. ಹೊಸದಾಗಿ ಬರೆದ ಚಿಪ್ಪನ್ನು ಕೂರಿಸಿ ಸ್ವಿಚ್ ಒತ್ತಿದಾಗ ಐದೂ ಅಕ್ಷರಗಳು ತಮ್ಮ ಜಾಗದಲ್ಲಿದ್ದವು. ‘ವಿ’ ಬೆಸುಗೆಯ ನಂತರ ದೃಶ್ಯವೂ ಸರಿಯಾಗಿ ಸರಿಯುತ್ತಿದೆ. ಚಿಪ್ಪಿನ ಗಾಜಿನ ಕಿಟಕಿಯ ಮೇಲೆ ಬೆಳಕು ತೂರದ ಕಪ್ಪು ಪಟ್ಟಿಯನ್ನೂ ಅಂಟಿಸಿದ್ದೇನೆ. ತಮಗೆ ಹೃತ್ಪೂರ್ವಕ ವಂದನೆಗಳು.