ಅಪ್‌ಡೇಟ್: 16 ಸೆಂ.ಮೀ. ಮಣಿಕಟ್ಟಿಗೆ ಆಯತಾಕಾರದ ಕೈಗಡಿಯಾರ ಕೊನೆಗೂ ಸಿಕ್ಕಿತು

ಕಳೆದ ವಾರ ಕೇಳಿದ್ದೆ: ನನ್ನ ಮಣಿಕಟ್ಟಿನ ಸುತ್ತಳತೆ 16 ಸೆಂ.ಮೀ., ಸಮಾರಂಭಗಳಿಗೆ ಕಟ್ಟಿಕೊಳ್ಳಲು ಆಯತಾಕಾರದ ಗಡಿಯಾರ ಬೇಕು, ಯಾವ ಅಳತೆ ಒಪ್ಪುತ್ತದೆ? ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಕೆಲಸಕ್ಕೆ ಬಂದದ್ದು ರಟ್ಟಿನ ತುಂಡಿನ ಸಲಹೆ. ಪಟ್ಟಿ ಸಿಕ್ಕಿಸುವ ಲಗ್‌ಗಳ ತುದಿಯಿಂದ ತುದಿಗೆ ಇರುವ ಉದ್ದವನ್ನೂ ಅಗಲವನ್ನೂ ರಟ್ಟಿನಲ್ಲಿ ಕತ್ತರಿಸಿ ಕೈಮೇಲಿಟ್ಟು ನೋಡಿದೆ. ಮಣಿಕಟ್ಟಿನ ಮೇಲಿನ ಸಮತಟ್ಟಾದ ಭಾಗ ನನಗೆ 50 ಮಿ.ಮೀ. ಮಾತ್ರ. 46 ಮಿ.ಮೀ. ಉದ್ದದ ತುಂಡು ಅಂಚಿನವರೆಗೂ ಚಾಚಿ ಕೈಯನ್ನೇ ನುಂಗಿತು, 40 ಮಿ.ಮೀ. ಉದ್ದ, 24 ಮಿ.ಮೀ. ಅಗಲದ್ದು ಹದವಾಗಿ ಕುಳಿತಿತು. ಅದೇ ಅಳತೆಯದನ್ನು ಕೊಂಡೆ.

‘ದುಂಡು ಗಡಿಯಾರದ ವ್ಯಾಸವನ್ನೇ ಅಗಲಕ್ಕೆ ಹಿಡಿಯಿರಿ’ ಎಂಬ ಸಲಹೆ ಮಾತ್ರ ನಡೆಯಲಿಲ್ಲ. ನನ್ನ ದುಂಡು ಗಡಿಯಾರ 38 ಮಿ.ಮೀ.; ಅಷ್ಟೇ ಅಗಲದ ಆಯತಕ್ಕೆ ನಾಲ್ಕು ಮೂಲೆಗಳೂ ಸೇರುವುದರಿಂದ ಅದು ಬಹಳ ದೊಡ್ಡದಾಗಿ ಕಾಣುತ್ತದೆ.

ಅಚ್ಚರಿಯೆಂದರೆ, 1917ರಲ್ಲಿ ರೂಪುಗೊಂಡ ಕಾರ್ಟಿಯೆ ಟ್ಯಾಂಕ್, 1931ರ ರಿವರ್ಸೊ ಎಂಬ ಎರಡು ಆಯತಾಕಾರದ ಗಡಿಯಾರಗಳ ಹಳೆಯ ಮಾದರಿಗಳು ಇಂದಿನ ದೊಡ್ಡ ಅಳತೆಗಳಿಗಿಂತ ಎಷ್ಟೋ ಚಿಕ್ಕವು. ಚಿಕ್ಕದೆಂಬ ನನ್ನ ಅಳುಕು ಅಲ್ಲಿಗೇ ಕಳೆಯಿತು. ಇನ್ನೊಂದು ಮಾತು: ಕೈಯನ್ನು ಕಣ್ಣಿನ ಹತ್ತಿರ ಹಿಡಿದು ತೀರ್ಮಾನಿಸಬೇಡಿ, ನಿಲುವುಗನ್ನಡಿಯಲ್ಲಿ ದೂರದಿಂದ ನೋಡಿ.