ಸಾಕುಗಿಳಿಗೆ ಹಣ್ಣಿನ ಬೀಜ ಕೊಡಬಹುದೇ?

ಪ್ರಶ್ನೆ: ಸೇಬಿನ ಹೋಳು ಕೊಟ್ಟರೆ ನಮ್ಮ ಗಿಳಿ ತಿರುಳನ್ನು ಚೆಲ್ಲಿ ಬೀಜವನ್ನೇ ಹುಡುಕಿ ಕಚ್ಚುತ್ತದೆ. ಬೀಜವೇ ಗಿಳಿಗಳ ಸಹಜ ಆಹಾರವಾಗಿರುವಾಗ ಇದರಿಂದ ತೊಂದರೆಯಾಗುತ್ತದೆಯೇ? ದಾಳಿಂಬೆ, ಸೀಬೆ, ಪಪ್ಪಾಯಿಗಳ ಬೀಜವನ್ನೂ ತೆಗೆಯಬೇಕೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1: ಸೇಬಿನ ಬೀಜವನ್ನು ಖಂಡಿತ ತೆಗೆಯಿರಿ. ಅದರಲ್ಲಿರುವ ಅಮಿಗ್ಡಲಿನ್ ಎಂಬ ವಸ್ತುವು ಬೀಜ ಜಜ್ಜಿದಾಗ ಒಡೆದು ಸಯನೈಡನ್ನು ಬಿಡುಗಡೆ ಮಾಡುತ್ತದೆ. ನಾವು ಅಕಸ್ಮಾತ್ತಾಗಿ ನುಂಗಿದ ಬೀಜ ಸಾಮಾನ್ಯವಾಗಿ ಇಡಿಯಾಗಿಯೇ ಹೊರಹೋಗುತ್ತದೆ. ಗಿಳಿಯಾದರೋ ಕೊಕ್ಕಿನಿಂದ ಸಿಪ್ಪೆ ಸುಲಿದು ಒಳಗಿನದನ್ನು ಪುಡಿಮಾಡಿಯೇ ತಿನ್ನುವುದರಿಂದ, ಮತ್ತು ಅದರ ದೇಹ ಬಹಳ ಚಿಕ್ಕದಾಗಿರುವುದರಿಂದ, ನಮಗೆ ಅನ್ವಯಿಸುವ ಧೈರ್ಯವನ್ನು ಅದಕ್ಕೆ ಅನ್ವಯಿಸಲಾಗದು. ಒಂದು ಬೀಜ ತಿಂದೊಡನೆ ಹಕ್ಕಿ ಸಾಯುತ್ತದೆಂದು ಗಾಬರಿಯಾಗಬೇಕಿಲ್ಲವಾದರೂ, ಗೊತ್ತಿದ್ದೂ ಕೊಡುವುದು ಸರಿಯಲ್ಲ. ಪೇರ್ ಹಣ್ಣಿನ ಬೀಜ, ಚೆರ್ರಿ, ಪೀಚ್, ಪ್ಲಮ್, ಏಪ್ರಿಕಾಟ್‌ಗಳ ಗೊರಟೆ ಇವೆಲ್ಲಕ್ಕೂ ಇದೇ ಮಾತು.

ಉತ್ತರ 2: ದಾಳಿಂಬೆ, ಸೀಬೆ, ಪಪ್ಪಾಯಿ, ಕಲ್ಲಂಗಡಿಗಳ ಬೀಜಕ್ಕೆ ಈ ಭಯವಿಲ್ಲ, ಹಣ್ಣಿನೊಂದಿಗೇ ಕೊಡಬಹುದು. ಬೆಣ್ಣೆಹಣ್ಣನ್ನು ಮಾತ್ರ ಬೀಜ ತೆಗೆದೂ ಕೊಡಬೇಡಿ. ಅದರ ತಿರುಳು, ಸಿಪ್ಪೆ, ಎಲೆಗಳಲ್ಲಿಯೂ ಇರುವ ಪರ್ಸಿನ್ ಎಂಬ ವಿಷವಸ್ತು ಹಕ್ಕಿಗಳ ಹೃದಯಕ್ಕೆ ಹಾನಿ ಮಾಡುತ್ತದೆ. ಈ ವಿಷಯ ಇನ್ನೂ ಅನೇಕರಿಗೆ ತಿಳಿದಿಲ್ಲವೆಂಬುದು ನನಗೆ ನಿಜವಾಗಿಯೂ ಚಿಂತೆಯ ಸಂಗತಿ.

ಉತ್ತರ 3: ಸೇಬನ್ನು ಹೆಚ್ಚುವಾಗ ನಡುವಿನ ಗಟ್ಟಿ ಭಾಗವನ್ನು ಪೂರ್ತಿಯಾಗಿ ಕೊರೆದು ತೆಗೆದರೆ ಬೀಜ ಉಳಿಯುವುದಿಲ್ಲ. ಬೀಜ ತಿಂದ ಹಕ್ಕಿ ಏದುಸಿರು ಬಿಟ್ಟರೆ, ತೂಗಾಡಿದರೆ ಅಥವಾ ನಡುಗಿದರೆ ಮನೆಮದ್ದು ಮಾಡುತ್ತ ಕಾಯದೆ ತಕ್ಷಣ ಪಶುವೈದ್ಯರಲ್ಲಿಗೆ ಕೊಂಡೊಯ್ಯಿರಿ.